ಪಾಡ್‌ಕಾಸ್ಟ್ | ನೆಲದ ಮೇಲೆ 11.4 ವೋಲ್ಟ್, ಆಕಾಶದಲ್ಲಿ ಎಷ್ಟು?

ಭದ್ರಾವತಿಯಿಂದ ಒಬ್ಬ ವಿದ್ಯಾರ್ಥಿ ಪ್ರಶ್ನೆ ಕಳಿಸಿದ್ದಾರೆ. ಅವರ ಆರ್‌ಸಿ ವಿಮಾನದ, ಅಂದ್ರೆ ರಿಮೋಟ್‌ನಲ್ಲಿ ಹಾರಿಸೋ ಮಾದರಿ ವಿಮಾನದ ಬ್ಯಾಟರಿ ಮೇಲೆ 11.1 ವೋಲ್ಟ್ ಅಂತ ಬರೆದಿದೆ. ಹಾರಿಸೋಕೆ ಮುಂಚೆ ಮೀಟರ್ ಹಿಡಿದಾಗ 11.4 ತೋರಿಸ್ತು. ಫುಲ್ ಇದೆ ಅಂದ್ಕೊಂಡು ಹಾರಿಸಿದ್ರೆ ಸ್ವಲ್ಪ ಹೊತ್ತಿಗೇ ಮೋಟಾರ್ ನಿಂತು ವಿಮಾನ ಅಡಿಕೆ ತೋಟಕ್ಕೆ ಬಿತ್ತಂತೆ. ‘ಮೀಟರ್ ಸುಳ್ಳು ಹೇಳ್ತಾ ಸರ್?’ ಅಂತ ಕೇಳಿದ್ದಾರೆ.

ಇಲ್ಲ, ಮೀಟರ್ ಸರಿಯಾಗೇ ಇದೆ. ಅದು ಮೂರು ಸೆಲ್‌ನ ಲಿಪೊ ಬ್ಯಾಟರಿ. ಪೂರ್ತಿ ಚಾರ್ಜ್ ಆದಾಗ ಒಂದೊಂದು ಸೆಲ್ 4.2 ವೋಲ್ಟ್, ಒಟ್ಟು 12.6. ಮೇಲೆ ಬರೆದಿರೋ 11.1 ಅನ್ನೋದು ಸರಾಸರಿ ಲೆಕ್ಕ. ಹಾಗಾಗಿ 11.4 ಅಂದ್ರೆ ಅರ್ಧಕ್ಕಿಂತ ಕಡಿಮೆ ಉಳಿದಿದೆ ಅಂತ ಅರ್ಥ.

ಇನ್ನೊಂದು ವಿಷಯ, ಆ 11.4 ಬ್ಯಾಟರಿ ಸುಮ್ಮನೆ ಕೂತಿದ್ದಾಗಿನದು. ತೋಟದ ಪಂಪ್‌ಸೆಟ್ ಚಾಲೂ ಆದ ತಕ್ಷಣ ಮನೆ ಬಲ್ಬು ಮಂಕಾಗೋದನ್ನ ನೋಡಿರ್ತೀರಿ. ಇಲ್ಲೂ ಅದೇ ಕಥೆ. ಬ್ಯಾಟರಿಯ ಒಳಗೇ ಒಂದಿಷ್ಟು ರೋಧ ಇರುತ್ತೆ. ಅದು 30 ಮಿಲಿಓಮ್ ಇದ್ದು, ಮೋಟಾರ್ 30 ಆಂಪಿಯರ್ ಎಳೆದರೆ 0.9 ವೋಲ್ಟ್ ಅಲ್ಲೇ ಹೋಯ್ತು, ಉಳಿದದ್ದು 10.5. ಬ್ಯಾಟರಿ ಹಳೆಯದಾಗಿ, ಉಬ್ಬಿ, ರೋಧ 60 ಆಗಿದ್ರೆ? 9.6ಕ್ಕೆ ಇಳಿಯುತ್ತೆ, ಸೆಲ್ಲಿಗೆ 3.2. ಹೆಚ್ಚಿನ ಇಎಸ್‌ಸಿಗಳು, ಅಂದ್ರೆ ಮೋಟಾರಿನ ವೇಗ ನಿಯಂತ್ರಿಸೋ ಸಾಧನ, ಸೆಲ್ಲಿಗೆ 3ರಿಂದ 3.2ರ ಆಸುಪಾಸಿನಲ್ಲಿ ಮೋಟಾರನ್ನ ನಿಲ್ಲಿಸಿಬಿಡುತ್ವೆ. ಅದು ಕೆಟ್ಟದ್ದಕ್ಕಲ್ಲ. ಉಳಿದ ಕರೆಂಟು ರಿಸೀವರ್‌ಗೂ ಸರ್ವೋಗಳಿಗೂ ಸಿಗಲಿ, ತೇಲಿಸಿಕೊಂಡಾದ್ರೂ ಇಳಿಸಲಿ ಅಂತ. ಈ ಕಟ್-ಆಫ್ ಇಲ್ಲದೆ ವೋಲ್ಟೇಜ್ ಇನ್ನೂ ಕುಸಿದು ರಿಸೀವರ್ ಆಫ್ ಆದ್ರೆ ವಿಮಾನ ಕೈ ತಪ್ಪಿತು ಅಂತಲೇ ಲೆಕ್ಕ. ಕೆಳಗೆ ಜನ ಇದ್ದಾರೋ ದನ ಇದೆಯೋ ಅದಕ್ಕೆ ಗೊತ್ತಾಗಲ್ಲ.

ಹಾಗಾಗಿ ವೋಲ್ಟೇಜ್ ನೋಡಬೇಕಾದ್ದು ಹಾರಾಟದಲ್ಲಿ. ಅಗ್ಗದ ದಾರಿ ಬಝರ್. ಬ್ಯಾಟರಿಯ ಬ್ಯಾಲೆನ್ಸ್ ಪ್ಲಗ್‌ಗೆ ಸಿಕ್ಕಿಸಿದ್ರೆ ಒಂದೊಂದು ಸೆಲ್ ಬೇರೆಬೇರೆಯಾಗಿ ನೋಡಿ, ಯಾವುದಾದ್ರೂ ಒಂದು ಇಳಿದ್ರೂ ಕೂಗುತ್ತೆ. ಇದು ದೊಡ್ಡ ಅನುಕೂಲ. ಒಟ್ಟು 10.5 ಇದ್ರೂ ಒಳಗೆ 3.6, 3.6, 3.3 ಇರಬಹುದಲ್ವಾ? ಆದ್ರೆ ನೂರಿನ್ನೂರು ಮೀಟರ್ ದೂರದಲ್ಲಿ, ಗಾಳಿಯಲ್ಲಿ, ಮೋಟಾರ್ ಸದ್ದಿನ ಮಧ್ಯೆ ಅದು ಕೂಗಿದ್ದು ಕೇಳಿಸೋದೇ ಅನುಮಾನ.

ನನ್ನ ಓಟು ಟೆಲಿಮೆಟ್ರಿಗೆ. ರಿಸೀವರ್ ವೋಲ್ಟೇಜನ್ನ ವಾಪಸ್ ಕೈಲಿರೋ ರಿಮೋಟ್‌ಗೆ ಕಳಿಸುತ್ತೆ. ಇಲ್ಲಿ ಬಹಳ ಜನ ಒಂದು ಕಡೆ ಎಡವುತ್ತಾರೆ. ರಿಮೋಟ್‌ನ ಪರದೆ ಮೇಲೆ ತಾನಾಗೇ ಬರೋ 5 ವೋಲ್ಟ್ ಮುಖ್ಯ ಬ್ಯಾಟರಿದಲ್ಲ, ಇಎಸ್‌ಸಿ ರಿಸೀವರ್‌ಗೆ ಕೊಡ್ತಿರೋದು. ಬ್ಯಾಟರಿ ಬರಿದಾಗ್ತಾ ಬಂದ್ರೂ ಅದು 5 ಅಂತಲೇ ತೋರಿಸ್ತಿರುತ್ತೆ. ಮುಖ್ಯ ಬ್ಯಾಟರಿಗೆ ಪ್ರತ್ಯೇಕ ಸೆನ್ಸರ್ ಬೇಕು. ರಿಸೀವರ್‌ನ ಇನ್‌ಪುಟ್ 3.3 ವೋಲ್ಟ್‌ವರೆಗೆ ಮಾತ್ರ ತಡೆಯುವಂಥದ್ದಾದ್ರೆ 30 ಮತ್ತು 10 ಕಿಲೋಓಮ್‌ನ ಎರಡು ರೆಸಿಸ್ಟರ್ ಸಾಕು. 12.6 ನಾಲ್ಕು ಪಾಲಾಗಿ 3.15 ಆಗುತ್ತೆ. ಅಂಗಡಿಯಲ್ಲಿ ಸಿಗೋ ರೆಸಿಸ್ಟರ್‌ಗಳಲ್ಲಿ ಶೇ 5ರಷ್ಟು ವ್ಯತ್ಯಾಸ ಇರಬಹುದು, ಅಂದ್ರೆ ಅರ್ಧ ವೋಲ್ಟ್ ಆಚೀಚೆ. ಮಲ್ಟಿಮೀಟರ್ ಇಟ್ಟು ಹೋಲಿಸಿ, ರಿಮೋಟ್‌ನಲ್ಲಿ ತಿದ್ದಿಕೊಳ್ಳಿ.

ಅಲಾರಂ ಎಷ್ಟಕ್ಕೆ ಇಡೋದು? ಹಾರಾಟದಲ್ಲಿ ಸೆಲ್ಲಿಗೆ 3.5, ಅಂದ್ರೆ 10.5ರಿಂದ ಶುರು ಮಾಡಿ. ಎರಡು-ಮೂರು ಸೆಕೆಂಡ್ ತಡ ಇಡಿ. ಇಲ್ಲಾಂದ್ರೆ ಟೇಕಾಫ್‌ನಲ್ಲಿ ಥ್ರಾಟಲ್ ಪೂರ್ತಿ ಕೊಟ್ಟಾಗಲೆಲ್ಲ ಕೂಗಿ ತಲೆ ತಿನ್ನುತ್ತೆ. ಇಳಿಸಿದ ಮೇಲೆ ಐದು ನಿಮಿಷ ಬಿಟ್ಟು ಅಳೆದಾಗ ಸೆಲ್ಲಿಗೆ 3.7ಕ್ಕಿಂತ ಕೆಳಗಿದ್ರೆ ಅಲಾರಂ ಇನ್ನೂ ಮೊದಲೇ ಬರೋ ಹಾಗೆ ಮಾಡಿ.

ನಮ್ಮ ಕಡೆಯವರಿಗೆ ಇನ್ನೂ ಒಂದು ಲೆಕ್ಕ ಇದೆ. ಶಿವಮೊಗ್ಗಕ್ಕೂ ಭದ್ರಾವತಿಗೂ ಹತ್ತಿರದ ಸೋಗಾನೆಯಲ್ಲಿ 2023ರ ಫೆಬ್ರುವರಿಯಲ್ಲಿ ವಿಮಾನ ನಿಲ್ದಾಣ ಶುರುವಾಯ್ತು. 2021ರ ಡ್ರೋನ್ ನಿಯಮಗಳ ಪ್ರಕಾರ ನಿಲ್ದಾಣದ ಗಡಿಯಿಂದ 8 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಹಾರಿಸೋ ಹಾಗಿಲ್ಲ. 8ರಿಂದ 12ರ ನಡುವೆ 200 ಅಡಿವರೆಗೆ ಮಾತ್ರ. ಡಿಜಿಟಲ್ ಸ್ಕೈ ನಕ್ಷೆ ನೋಡಿಯೇ ಜಾಗ ಹುಡುಕಬೇಕು. 200 ಅಡಿ ಅಂದ್ರೆ 60 ಮೀಟರ್. ಅಷ್ಟು ಎತ್ತರದಲ್ಲಿ ಮೋಟಾರ್ ನಿಂತ್ರೆ ತೇಲಿಸಿಕೊಂಡು ಬರೋಕೆ ಸಿಗೋದು ಕೆಲವೇ ಸೆಕೆಂಡು. ಗಾಳಿಗೆ ಎದುರಾಗಿ ವಾಪಸ್ ಬರಬೇಕಾದ್ರೆ ಇನ್ನೂ ಕಷ್ಟ. ಬಿದ್ದು ಜಜ್ಜಿಹೋದ ಲಿಪೊ ತಕ್ಷಣ ಅಲ್ಲದಿದ್ರೂ ಸ್ವಲ್ಪ ಹೊತ್ತಿನ ಮೇಲೆ ಹೊತ್ತಿಕೊಳ್ಳಬಹುದು. ಮಾರ್ಚ್ ತಿಂಗಳ ಒಣ ಹುಲ್ಲು, ಅಡಿಕೆ ತೋಟದ ತರಗೆಲೆ ನೆನಪಿಸಿಕೊಳ್ಳಿ. ಅದಕ್ಕೇ ಬಿದ್ದ ವಿಮಾನವನ್ನ ಹುಡುಕದೆ ಮನೆಗೆ ಹೋಗಬಾರದು.

ಪ್ರಶ್ನೆ ಕೇಳಿದ ತಮ್ಮನಿಗೆ: ಆ ಬ್ಯಾಟರಿ ಉಬ್ಬಿದ್ರೆ, ಇಲ್ಲಾ ಮೂಲೆ ಜಜ್ಜಿದ್ರೆ ಮತ್ತೆ ಚಾರ್ಜ್ ಹಾಕಬೇಡ. ಚೆನ್ನಾಗೇ ಇದ್ರೆ ಮನೆಯ ಹೊರಗೆ, ಎದುರಿಗೇ ಕೂತು ಬ್ಯಾಲೆನ್ಸ್ ಚಾರ್ಜ್ ಮಾಡಿ, ಚಾರ್ಜರ್ ತೋರಿಸೋ ಒಳರೋಧವನ್ನ ಸೆಲ್ ಸೆಲ್ ಬರೆದು ಕಳಿಸು. ಒಂದು ಸೆಲ್‌ದು ಮಾತ್ರ ಉಳಿದೆರಡರ ದುಪ್ಪಟ್ಟು ಬಂದ್ರೆ ನಿನ್ನ ವಿಮಾನ ಬೀಳಿಸಿದ್ದು ಅದೇ.