ಸೊನಾಟಾ ಫಾರ್ಮ್: ಷಡ್ಜದ ಹಾದಿ ಹಿಡಿದು ಕೇಳಿ

ಮೊಟ್ಸಾರ್ಟ್‌ನ 40ನೇ ಸಿಂಫನಿಯ ಆರಂಭದ ಧಾಟಿ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. 1961ರ ಹಿಂದಿ ಚಿತ್ರ ‘ಛಾಯಾ’ದಲ್ಲಿ ತಲತ್ ಮಹಮೂದ್ ಮತ್ತು ಲತಾ ಮಂಗೇಶ್ಕರ್ ಹಾಡಿದ ಯುಗಳಗೀತೆಗೆ ಸಲಿಲ್ ಚೌಧರಿ ಅದನ್ನೇ ಬಳಸಿಕೊಂಡಿದ್ದರು. ಮೂಲ ಕೃತಿಯನ್ನು ಹಾಕಿಕೊಂಡು ಕೂತರೆ ಮಾತ್ರ ಒಂದು ನಿಮಿಷ ಕಳೆಯುವಷ್ಟರಲ್ಲಿ ಹಲವರಿಗೆ ಎಳೆ ತಪ್ಪುತ್ತದೆ. ಇದ್ದಕ್ಕಿದ್ದಂತೆ ಯಾಕೆ ನಿಂತಿತು? ಕೇಳಿದ್ದೇ ಮತ್ತೆ ಯಾಕೆ ಬಂತು? ಇದಕ್ಕೆಲ್ಲ ಉತ್ತರ ಸೊನಾಟಾ ಫಾರ್ಮ್‌ನಲ್ಲಿದೆ.

ಸಿಂಫನಿ ಎಂದರೆ ಇಡೀ ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿ. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೂವ್‌ಮೆಂಟ್, ಅಂದರೆ ನಾಲ್ಕು ಬಿಡಿ ಭಾಗಗಳಿರುತ್ತವೆ. 18ನೇ ಶತಮಾನದ ಕೊನೆಗೆ ಹೈಡನ್, ಮೊಟ್ಸಾರ್ಟ್ ಮೊದಲಾದವರು ಮೊದಲ ಮೂವ್‌ಮೆಂಟನ್ನು ಹೆಚ್ಚಾಗಿ ಕಟ್ಟುತ್ತಿದ್ದ ಕ್ರಮವೇ ಸೊನಾಟಾ ಫಾರ್ಮ್. ಅದರ ನಿಯಮಗಳನ್ನು ವಿಂಗಡಿಸಿ ಬರೆದಿಟ್ಟವರು 19ನೇ ಶತಮಾನದ ಶಾಸ್ತ್ರಕಾರರು. ಹಾಗಾಗಿ ಯಾವುದಾದರೂ ಕೃತಿ ಪುಸ್ತಕದ ನಕ್ಷೆಗೆ ಹೊಂದದಿದ್ದರೆ ಚಿಂತಿಸಬೇಡಿ. ಕೃತಿ ಮೊದಲು ಬಂತು, ನಕ್ಷೆ ಆಮೇಲೆ.

ಪುಸ್ತಕಗಳು ಮೊದಲನೇ ಧಾಟಿ, ಎರಡನೇ ಧಾಟಿ ಎಂದು ಎಣಿಸಲು ಹೇಳುತ್ತವೆ. ನನ್ನ ಸಲಹೆ ಬೇರೆ. ಷಡ್ಜ ಎಲ್ಲಿದೆ ಎಂದು ಗಮನಿಸಿ. ನಮ್ಮ ಸಂಗೀತದಲ್ಲಿ ತಂಬೂರಿಯ ಷಡ್ಜ ಕಛೇರಿ ಮುಗಿಯುವವರೆಗೂ ಕದಲುವುದಿಲ್ಲ. ಪಾಶ್ಚಾತ್ಯ ಪದ್ಧತಿಯಲ್ಲಿ ಅದು ಕೃತಿಯ ನಡುವೆಯೇ ಜಾಗ ಬದಲಿಸುತ್ತದೆ. ಷಡ್ಜ ಮತ್ತು ಅದರ ಸುತ್ತಲಿನ ಸ್ವರಗಳ ಏರ್ಪಾಟಿಗೆ ಅಲ್ಲಿ ‘ಕೀ’ ಎನ್ನುತ್ತಾರೆ. ಸೊನಾಟಾ ಫಾರ್ಮ್ ಎಂದರೆ ಈ ಷಡ್ಜ ಹೊರಗೆ ಹೋಗಿ, ಅಲೆದು, ಹಿಂದಿರುಗುವ ವಿಧಾನ.

40ನೇ ಸಿಂಫನಿಯನ್ನೇ ನೋಡೋಣ. ಮೊಟ್ಸಾರ್ಟ್ ಇದನ್ನು 1788ರ ಜುಲೈನಲ್ಲಿ ವಿಯೆನ್ನಾದಲ್ಲಿ ಮುಗಿಸಿದ. ಇದರ ಕೀ ‘ಜಿ ಮೈನರ್’. ಅಂದರೆ ಷಡ್ಜ ‘ಜಿ’ ಸ್ವರದಲ್ಲಿ. ಸ್ವರಗಳು ಒಮ್ಮೆ ನಟಭೈರವಿಯಂತೆ, ಒಮ್ಮೆ ಕೀರವಾಣಿಯಂತೆ. ಟ್ರಂಪೆಟ್ ಇಲ್ಲ, ಡ್ರಮ್ ಇಲ್ಲ. ವಿಯೋಲಾಗಳ ಚಡಪಡಿಕೆಯ ಮೇಲೆ ವಯಲಿನ್‌ಗಳು ಮೆಲ್ಲನೆ ಧಾಟಿ ಎತ್ತುತ್ತವೆ: ಎರಡು ಚಿಕ್ಕ ಸ್ವರ, ಒಂದು ಉದ್ದ ಸ್ವರ, ಮೂರು ಸಲ, ಆಮೇಲೆ ಮೇಲಕ್ಕೊಂದು ಜಿಗಿತ. ಈ ಮೂರು ಸ್ವರದ ತುಣುಕನ್ನು ನೆನಪಿಡಿ.

ಬಳಿಕ ವಾದ್ಯವೃಂದ ಜೋರಾಗುತ್ತದೆ. ಇದು ಒಂದು ಕೀಯಿಂದ ಇನ್ನೊಂದಕ್ಕೆ ಹೋಗುವ ಸೇತುವೆ. ಸುಮಾರು 50ನೇ ಸೆಕೆಂಡಿಗೆ ಎಲ್ಲ ವಾದ್ಯಗಳೂ ಕ್ಷಣಕಾಲ ಮೌನವಾಗುತ್ತವೆ. ಆಮೇಲೆ ಬರುವುದು ಎರಡನೇ ಧಾಟಿ, ‘ಬಿ ಫ್ಲ್ಯಾಟ್ ಮೇಜರ್’ನಲ್ಲಿ. ಗ್ರಹಭೇದ ಗೊತ್ತಿದ್ದವರಿಗೆ ಇದು ಸುಲಭ. ನಟಭೈರವಿಯ ಗಾಂಧಾರವನ್ನು ಷಡ್ಜ ಮಾಡಿಕೊಂಡರೆ ಶಂಕರಾಭರಣ ಹುಟ್ಟುತ್ತದೆ. ಮೊಟ್ಸಾರ್ಟ್ ಇಲ್ಲಿ ಮಾಡಿದ್ದೂ ಅದನ್ನೇ. ಧಾಟಿಯಲ್ಲಿ ಅನ್ಯಸ್ವರಗಳು ನುಸುಳಿದರೂ ಒಟ್ಟು ಬೆಳಕು ಶಂಕರಾಭರಣದ್ದು. ಇಲ್ಲಿಯವರೆಗಿನ ಭಾಗಕ್ಕೆ ಎಕ್ಸ್‌ಪೊಸಿಷನ್, ಅಂದರೆ ಪ್ರಸ್ತಾವನೆ ಎಂದು ಹೆಸರು. ಸುಮಾರು ಎರಡು ನಿಮಿಷದ ಈ ಭಾಗವನ್ನು ಇನ್ನೊಮ್ಮೆ ನುಡಿಸಬೇಕೆಂದು ಮೊಟ್ಸಾರ್ಟ್ ಗುರುತು ಹಾಕಿದ್ದಾನೆ. ವಾದ್ಯವೃಂದವನ್ನು ನಡೆಸುವ ಕೆಲವು ಕಂಡಕ್ಟರ್‌ಗಳು ಇದನ್ನು ಬಿಟ್ಟುಬಿಡುತ್ತಾರೆ. ಹೊಸ ಕೇಳುಗರು ಎರಡು ಸಲ ನುಡಿಸಿರುವ ಧ್ವನಿಮುದ್ರಣವನ್ನೇ ಆರಿಸಿಕೊಳ್ಳಿ.

ಮುಂದಿನದು ಡೆವಲಪ್‌ಮೆಂಟ್, ಅಂದರೆ ವಿಸ್ತಾರ. ಇಲ್ಲಿ ಷಡ್ಜ ನೆಲೆ ತಪ್ಪುತ್ತದೆ. ಮೊದಲ ಹೆಜ್ಜೆಯೇ ಎದೆ ನಡುಗಿಸುವಂಥದ್ದು: ಮೂಲ ಷಡ್ಜದಿಂದ ಒಂದೇ ಒಂದು ಸ್ವರಸ್ಥಾನ ಕೆಳಗೆ, ‘ಎಫ್ ಶಾರ್ಪ್’ಗೆ ಇಳಿದು ಮೊದಲ ಧಾಟಿ ಕೇಳಿಸುತ್ತದೆ. ಇಷ್ಟು ಹತ್ತಿರ, ಸಂಬಂಧದಲ್ಲಿ ಇಷ್ಟು ದೂರ! ಆಮೇಲೆ ಅದೇ ಧಾಟಿ ಮಂದ್ರ ವಾದ್ಯಗಳಿಗೆ ಇಳಿಯುತ್ತದೆ, ಕೀಯಿಂದ ಕೀಗೆ ಸಾಗುತ್ತದೆ, ಸವೆದು ಸವೆದು ಕೊನೆಗೆ ಆ ಮೂರು ಸ್ವರದ ತುಣುಕಷ್ಟೇ ಉಳಿಯುತ್ತದೆ. ಎರಡನೇ ಧಾಟಿಯ ಸುಳಿವೇ ಇಲ್ಲ.

ಆಮೇಲೆ ಊದುವ ವಾದ್ಯಗಳು ಮೆತ್ತಗೆ ಕೆಳಗಿಳಿದು ಬರುತ್ತವೆ. ಆ ಇಳಿಕೆ ಮುಗಿಯುವ ಮೊದಲೇ ವಯಲಿನ್‌ಗಳು ಮೊದಲ ಧಾಟಿಯನ್ನು ‘ಜಿ’ಯಲ್ಲಿ ಶುರುಮಾಡಿಬಿಡುತ್ತವೆ. ಇದು ರಿಕ್ಯಾಪಿಚುಲೇಷನ್, ಅಂದರೆ ಪುನರಾಗಮನ.

‘ಕೇಳಿದ್ದನ್ನೇ ಮತ್ತೆ ಕೇಳಬೇಕೇ?’ ಎಂದು ನಿಮಗನ್ನಿಸಬಹುದು. ಅದೇ ಅಲ್ಲ. ಈ ಸಲ ಎರಡನೇ ಧಾಟಿಯೂ ಮೂಲ ಷಡ್ಜದಲ್ಲೇ ಬರಬೇಕು. ಸೊನಾಟಾ ಫಾರ್ಮ್‌ನ ಮುಖ್ಯ ಕರಾರು ಇದು. ಆಗ ಶಂಕರಾಭರಣದ ಬೆಳಕಿನಲ್ಲಿದ್ದ ಧಾಟಿ ‘ಜಿ ಮೈನರ್’ಗೆ ಬಂದು ಪೂರ್ತಿ ಕಳೆಗುಂದುತ್ತದೆ. ಇಡೀ ಮೂವ್‌ಮೆಂಟಿನ ದುಃಖ ತುಂಬಿರುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಪ್ರಸ್ತಾವನೆಯನ್ನು ಎರಡು ಸಲ ನುಡಿಸಿದ್ದರೆ ಸುಮಾರು ಆರೂಕಾಲು ನಿಮಿಷಕ್ಕೆ ಈ ಜಾಗ ಸಿಗುತ್ತದೆ. ಅದಾದ ಮೇಲೆ ಕೋಡಾ ಎಂಬ ಪುಟ್ಟ ಮುಕ್ತಾಯ.

ಷಡ್ಜ ಕದಲಿದ್ದು ಗೊತ್ತಾಗುವುದು ಹೇಗೆ? ಮೊಬೈಲಿನ ತಂಬೂರಿ ಆ್ಯಪ್‌ನಲ್ಲಿ ಶ್ರುತಿಯನ್ನು ‘ಜಿ’ಗೆ ಇಟ್ಟು, ಸಣ್ಣ ದನಿಯಲ್ಲಿ ಜೊತೆಗೆ ಹಾಕಿಕೊಳ್ಳಿ. ಆರಂಭಕ್ಕೆ ಹೊಂದುತ್ತದೆ, ಎರಡನೇ ಧಾಟಿಗೆ ತಕರಾರು ಮಾಡುತ್ತದೆ, ವಿಸ್ತಾರದಲ್ಲಿ ಜಗಳಕ್ಕೇ ನಿಲ್ಲುತ್ತದೆ, ಪುನರಾಗಮನದಲ್ಲಿ ಮತ್ತೆ ಒಪ್ಪುತ್ತದೆ. ಒಂದು ಎಚ್ಚರಿಕೆ: ಹಳೆಯ ಕಾಲದ ಮಾದರಿಯ ವಾದ್ಯಗಳಲ್ಲಿ ನುಡಿಸುವ ತಂಡಗಳು ಶ್ರುತಿಯನ್ನು ತುಸು ತಗ್ಗಿಸಿಕೊಳ್ಳುವುದುಂಟು. ಈ ಪರೀಕ್ಷೆಗೆ ಆಧುನಿಕ ವಾದ್ಯವೃಂದದ ಧ್ವನಿಮುದ್ರಣ ಇರಲಿ.

ಖರ್ಚೇನೂ ಇಲ್ಲ. ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಧ್ವನಿಮುದ್ರಣಗಳಿವೆ. ಸ್ವರಲಿಪಿ ಬೇಕಿದ್ದರೆ ಐಎಂಎಸ್‌ಎಲ್‌ಪಿ ಎಂಬ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಹುಡುಕುವಾಗ ಕೃತಿಯ ಸಂಖ್ಯೆ ‘ಕೆ. 550’ ಎಂದು ಕೊಡಿ. ವೇದಿಕೆಯಲ್ಲಿ ಸಿಂಫನಿ ಕೇಳುವ ಆಸೆಯಿದ್ದರೆ ಮುಂಬೈಯ ಎನ್‌ಸಿಪಿಎ ಕಲಾಕೇಂದ್ರದಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಕಛೇರಿ ಪಟ್ಟಿಯನ್ನು ನೋಡುತ್ತಿರಿ.

ಇದು ರೂಢಿಯಾದ ಮೇಲೆ ಹೈಡನ್‌ನ 104ನೇ ಸಿಂಫನಿಯ ಮೊದಲ ಮೂವ್‌ಮೆಂಟ್ ಕೇಳಿ. ಅದರ ಕೀ ಮೇಜರ್. ಅಂಥ ಕಡೆ ಷಡ್ಜ ಸಾಮಾನ್ಯವಾಗಿ ಪಂಚಮಕ್ಕೆ ಹೋಗುತ್ತದೆ. ಅಲ್ಲಿ ಹೊಸ ಧಾಟಿ ಬರುತ್ತದೆಂದು ಕಾಯಬೇಡಿ; ಹೈಡನ್ ಮೊದಲಿನ ಧಾಟಿಯನ್ನೇ ಪಂಚಮಕ್ಕೆ ಒಯ್ದು ನುಡಿಸುತ್ತಾನೆ.