ತುರ್ತುಪರಿಸ್ಥಿತಿಯಲ್ಲಿ ನ್ಯಾಯಪೀಠ: ಕರ್ನಾಟಕದ ಸಂದರ್ಭ

ಪ್ರಭುತ್ವವು ನಿರಂಕುಶವಾದಾಗ ನ್ಯಾಯಾಧೀಶರ ಹೊಣೆಗಾರಿಕೆ ಯಾವುದು ಎಂಬ ಪ್ರಶ್ನೆ ಎರಡನೆಯ ಮಹಾಯುದ್ಧದ ಬಳಿಕ ಪ್ರಖರವಾಗಿ ಮೂಡಿಬಂದಿತು. 1947ರಲ್ಲಿ ನ್ಯೂರೆಂಬರ್ಗಿನ ಅಮೆರಿಕನ್ ಸೇನಾ ನ್ಯಾಯಮಂಡಳಿಯು ನಾಜಿ ಆಡಳಿತದ ನ್ಯಾಯಾಧೀಶರು, ಸರ್ಕಾರಿ ವಕೀಲರು ಹಾಗೂ ನ್ಯಾಯ ಖಾತೆಯ ಅಧಿಕಾರಿಗಳನ್ನು ವಿಚಾರಣೆಗೊಳಪಡಿಸಿ, ಹತ್ತು ಮಂದಿಯನ್ನು ಅಪರಾಧಿಗಳೆಂದು ಸಾರಿತು. ಜಾರಿಯಲ್ಲಿದ್ದ ಕಾನೂನನ್ನಷ್ಟೇ ಪಾಲಿಸಿದೆವೆಂಬ ಸಮರ್ಥನೆಯನ್ನು ಅದು ಒಪ್ಪಲಿಲ್ಲ. ಭಾರತದ 1975–77ರ ತುರ್ತುಪರಿಸ್ಥಿತಿಯನ್ನು ನಾಜಿ ಆಳ್ವಿಕೆಯೊಡನೆ ಸಮೀಕರಿಸಲಾಗದು. ಆದರೂ ನ್ಯಾಯಪೀಠದ ಹೊಣೆಯ ಪ್ರಶ್ನೆ ಇಲ್ಲಿಯೂ ಎದುರಾಯಿತು. ಅದರ ಮುಖ್ಯ ಘಟ್ಟಗಳಲ್ಲಿ ಕನ್ನಡ ನಾಡಿನ ಪಾತ್ರ ಗಮನಾರ್ಹವಾದುದು.

ಇದರ ಪೂರ್ವಪೀಠಿಕೆ 1973ರಲ್ಲಿದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಯಲ್ಲಿ, ಸಂವಿಧಾನದ ಮೂಲ ಸಂರಚನೆಯನ್ನು ಸಂಸತ್ತು ಬದಲಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ಏಪ್ರಿಲ್ 24ರಂದು 7–6ರ ಬಹುಮತದಿಂದ ತೀರ್ಪಿತ್ತಿತು. ಅದರ ಬೆನ್ನಲ್ಲೇ ಬಹುಮತದಲ್ಲಿದ್ದ ಶೆಲಟ್, ಕೆ.ಎಸ್. ಹೆಗ್ಡೆ, ಗ್ರೋವರ್ ಅವರ ಜ್ಯೇಷ್ಠತೆಯನ್ನು ಕಡೆಗಣಿಸಿ, ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಮೂವರೂ ರಾಜೀನಾಮೆಯಿತ್ತರು. ಹೆಗ್ಡೆಯವರು ಹಿಂದೆ ಮೈಸೂರು ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದವರು.

1975ರ ಜೂನ್‌ನಲ್ಲಿ ಸಂಸದೀಯ ಸಮಿತಿಯ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬಂಧಿಸಿ, ಅಲ್ಲಿನ ಕೇಂದ್ರ ಕಾರಾಗೃಹದಲ್ಲಿಡಲಾಯಿತು. ಅವರ ಹೇಬಿಯಸ್ ಕಾರ್ಪಸ್ ಅರ್ಜಿಗಳು ವಿಚಾರಣಾರ್ಹವೆಂದು ಕರ್ನಾಟಕ ಉಚ್ಚ ನ್ಯಾಯಾಲಯವು ನಿರ್ಣಯಿಸಿತು. 1976ರಲ್ಲಿ ದೇಶದ 16 ಮಂದಿ ಉಚ್ಚ ನ್ಯಾಯಾಲಯ ನ್ಯಾಯಾಧೀಶರು ವರ್ಗಾವಣೆಗೊಂಡರು. ಕರ್ನಾಟಕದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೂ ಎಂ. ಸದಾನಂದಸ್ವಾಮಿ ಗುವಾಹಟಿಗೂ ತೆರಳಬೇಕಾಯಿತು. ನ್ಯಾಯಾಲಯವನ್ನು ಮುಚ್ಚದೆಯೇ ಅದನ್ನು ಮಣಿಸಲು ನೇಮಕ ಮತ್ತು ವರ್ಗಾವಣೆ ಸಾಕೆಂಬುದನ್ನು ಈ ಎರಡು ಪ್ರಸಂಗಗಳು ತೋರುತ್ತವೆ.

1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯವು ಜಬಲ್‌ಪುರ ಮೊಕದ್ದಮೆಯಲ್ಲಿ ಉಚ್ಚ ನ್ಯಾಯಾಲಯಗಳ ಇಂತಹ ನಿಲುವನ್ನು ತಳ್ಳಿಹಾಕಿತು. ರಾಷ್ಟ್ರಪತಿಗಳ ಆಜ್ಞೆ ಜಾರಿಯಲ್ಲಿರುವವರೆಗೆ ಬಂಧನವನ್ನು ಪ್ರಶ್ನಿಸಲಾಗದೆಂದು ನಾಲ್ವರು ಹೇಳಿದರು. ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ತಾಳಿದರು. 1977ರ ಜನವರಿಯಲ್ಲಿ ಅವರ ಜ್ಯೇಷ್ಠತೆಯನ್ನೂ ಕಡೆಗಣಿಸಲಾಯಿತು.

ತುರ್ತುಪರಿಸ್ಥಿತಿಯ ಅನಂತರ ಬಹುಮತದ ನ್ಯಾಯಾಧೀಶರನ್ನು ಯಾವ ನ್ಯಾಯಮಂಡಳಿಯೂ ವಿಚಾರಿಸಲಿಲ್ಲ. ಅವರಲ್ಲಿ ಬೇಗ್, ವೈ.ವಿ. ಚಂದ್ರಚೂಡ್, ಭಗವತಿ ಮುಂದೆ ಮುಖ್ಯ ನ್ಯಾಯಮೂರ್ತಿಗಳಾದರು. ತಿದ್ದುಪಡಿ ಬೇರೆ ಮಾರ್ಗಗಳಿಂದ ಬಂದಿತು. 1978ರ 44ನೆಯ ತಿದ್ದುಪಡಿಯು 20 ಮತ್ತು 21ನೆಯ ವಿಧಿಗಳ ರಕ್ಷಣೆಯನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತುಗೊಳಿಸಲಾಗದಂತೆ ಮಾಡಿತು. ಅದೇ ವರ್ಷ ಚಂದ್ರಶೇಖರ್ ಕರ್ನಾಟಕಕ್ಕೆ ಮುಖ್ಯ ನ್ಯಾಯಮೂರ್ತಿಗಳಾಗಿ ಮರಳಿದರು. ಜಬಲ್‌ಪುರ ತೀರ್ಪು ಮಾತ್ರ 2017ರ ಆಗಸ್ಟ್ 24ರವರೆಗೆ ಉಳಿದಿತ್ತು. ಅಂದು ಅದನ್ನು ರದ್ದುಗೊಳಿಸಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅದು ತಪ್ಪೆಂದು ಬರೆದವರಲ್ಲಿ ಒಬ್ಬರು ಚಂದ್ರಚೂಡರ ಪುತ್ರ ಡಿ.ವೈ. ಚಂದ್ರಚೂಡ್. ನ್ಯಾಯಪೀಠವು ತನ್ನ ತಪ್ಪನ್ನು ತಾನೇ ತಿದ್ದಿಕೊಂಡಿತೆಂಬುದು ನಿಜ. ಆದರೆ ಅದಕ್ಕೆ 41 ವರ್ಷಗಳು ಬೇಕಾದವು. ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದವರಿಗೆ ಆ ತಿದ್ದುಪಡಿಯಿಂದ ಪರಿಹಾರ ದೊರೆಯುವ ಕಾಲ ಎಂದೋ ಮೀರಿತ್ತು.