ಹಳೆಯ ಆಲ್ಬಮ್, ಹೊಸ ಚಿತ್ರ

ಫೋಟೋವನ್ನು ಕಂಪ್ಯೂಟರಿನಲ್ಲಿ ಬದಲಿಸಿದರೆ ಅದು ಕಲೆಯೋ, ಕಣ್ಕಟ್ಟೋ? ಮನೆಯ ಹಿರಿಯರೊಡನೆ ಈ ವಾದಕ್ಕಿಳಿಯುವ ಮುನ್ನ ದೆಹಲಿಯ ಕಲಾವಿದ ದಿವಂಗತ ವಿವಾನ್ ಸುಂದರಂ ಅವರ ‘ರೀ-ಟೇಕ್ ಆಫ್ ಅಮೃತಾ’ ಚಿತ್ರಮಾಲೆಯನ್ನೊಮ್ಮೆ ನೋಡಿ.

ಪ್ರಸಿದ್ಧ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ವಿವಾನ್ ಅವರಿಗೆ ದೊಡ್ಡಮ್ಮ, ತಾಯಿಯ ಅಕ್ಕ. ಆಕೆ ತೀರಿಕೊಂಡದ್ದು 1941ರಲ್ಲಿ. ಇವರು ಹುಟ್ಟಿದ್ದು 1943ರಲ್ಲಿ. ಅಜ್ಜ ಉಮ್ರಾವ್ ಸಿಂಗ್ ತೆಗೆದಿಟ್ಟ ಫೋಟೋಗಳಲ್ಲೇ ದೊಡ್ಡಮ್ಮನ ಮುಖ ನೋಡಬೇಕು. 2001-02ರಲ್ಲಿ ಆ ಫೋಟೋಗಳನ್ನು ಕಂಪ್ಯೂಟರಿಗೆ ಏರಿಸಿ, ಬೇರೆ ಬೇರೆ ಊರು, ಬೇರೆ ಬೇರೆ ವರ್ಷಗಳ ಮನೆಮಂದಿಯನ್ನು ಒಂದೇ ಚೌಕಟ್ಟಿನೊಳಗೆ ಸೇರಿಸಿದರು. ಎಂದೂ ನಡೆಯದ ಭೇಟಿಗಳು ಅವು. ಆದರೂ ನೋಡುತ್ತಿದ್ದರೆ, ಕಾಣದ ದೊಡ್ಡಮ್ಮನಿಗಾಗಿ ತಂಗಿಯ ಮಗ ನಡೆಸಿದ ಹುಡುಕಾಟ ಮನಸ್ಸಿಗೆ ನಾಟುತ್ತದೆ.

ಇದನ್ನು ಸುಳ್ಳೆನ್ನಲು ನನಗೆ ಮನಸ್ಸಿಲ್ಲ. ಮತ್ತೆ ತೆಗೆದ ಚಿತ್ರವೆಂದು ಹೆಸರೇ ಹೇಳುತ್ತದಲ್ಲ! 1982ರ ಫೆಬ್ರವರಿಯಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆ ಮುಖಪುಟಕ್ಕೆ ಹೊಂದಲೆಂದು ಈಜಿಪ್ಟಿನ ಪಿರಮಿಡ್ಡುಗಳನ್ನೇ ಹತ್ತಿರ ಸರಿಸಿತ್ತು. ಲೋಕವನ್ನು ಇದ್ದಂತೆ ತೋರಿಸಬೇಕಾದ ಪತ್ರಿಕೆಗೆ ಆ ಸ್ವಾತಂತ್ರ್ಯವಿಲ್ಲ.

ನಿಮ್ಮ ಮನೆಯ ಟ್ರಂಕಿನಲ್ಲೂ ಊರಿನ ಹಳೆಯ ಫೋಟೋಗಳಿರಬಹುದು. ಮುಂಬಯಿಯನ್ನೇ ಕಾಣದ ಅಜ್ಜಿಯನ್ನು ದಾದರ್ ಸ್ಟೇಷನ್ನಿನಲ್ಲಿ ನಿಲ್ಲಿಸಬೇಕೆನಿಸಿದರೆ ನಿಲ್ಲಿಸಿ. ಮೂಲ ಫೋಟೋವನ್ನು ಮಾತ್ರ ಹಾಗೆಯೇ ಇಡಿ. ಯಾರು, ಯಾವ ಊರು, ಯಾವ ವರ್ಷ ಎಂದು ಅಪ್ಪ-ಅಮ್ಮನನ್ನು ಕೇಳಿ ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ.